ಕಂಟ್ಯಾಮಿನೇಷನ್ ಇಳಿಯಿತು, ಜೊತೆಗೆ ಟಿಬಿಯೂ ಕಾಣೆಯಾಯಿತು: ಒಂದು ಕಲ್ಚರ್ ಲ್ಯಾಬ್‌ನ ಪ್ರಕರಣ ಅಧ್ಯಯನ

ಕಫದ ಸ್ಮಿಯರ್ 3+, ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರೋಗಾಣು ತುಂಬ ಇದೆ. ಮಾಲಿಕ್ಯುಲರ್ ಟೆಸ್ಟ್‌ನಲ್ಲೂ ಟಿಬಿ ಇದೆ ಎಂದು ಬಂದಿದೆ. ರೋಗಿ ಇನ್ನೂ ಒಂದೇ ಒಂದು ಮಾತ್ರೆ ನುಂಗಿಲ್ಲ. ಆದರೆ ರೋಗಾಣುವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಕಲ್ಚರ್‌ನ ವರದಿ ಮಾತ್ರ ಬೇರೆಯೇ ಹೇಳುತ್ತಿದೆ: 42 ದಿನ ಕಾದರೂ ಬೆಳವಣಿಗೆ ಇಲ್ಲ.

ಇಂಥ ವರದಿ ಒಂದು ಬಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಒಂದರ ಹಿಂದೆ ಒಂದು ಬರತೊಡಗಿದಾಗ ವೈದ್ಯರು ಲ್ಯಾಬ್‌ಗೆ ಫೋನ್ ಮಾಡುತ್ತಾರೆ. ಈ ಪ್ರಕರಣ ಶುರುವಾಗುವುದು ಅಂಥ ಫೋನ್‌ಗಳಿಂದ. ಟಿಬಿ ಕಲ್ಚರ್ ಮಾಡುವ ಕಡೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ತೊಂದರೆಗಳನ್ನು ಒಂದೇ ಲ್ಯಾಬ್‌ನ ಕಥೆಯಾಗಿ ಕೂಡಿಸಿ ಬರೆದಿದ್ದೇನೆ. ಹಾಗಾಗಿ ಊರು, ಹೆಸರು ಹುಡುಕಬೇಡಿ.

ಲ್ಯಾಬ್‌ನ ಮೊದಲ ಉತ್ತರ ಎಲ್ಲ ಕಡೆಯೂ ಕೇಳಿಬರುವಂಥದ್ದೇ. "ರೋಗಿ ಆಗಲೇ ಔಷಧಿ ಶುರು ಮಾಡಿರಬೇಕು ಸರ್. ಸ್ಮಿಯರ್‌ನಲ್ಲಿ ಕಾಣುವುದು ಸತ್ತ ರೋಗಾಣು." ಈ ಮಾತು ಸುಳ್ಳೇನಲ್ಲ. ಚಿಕಿತ್ಸೆಯಲ್ಲಿರುವವರ ಕಫದಲ್ಲಿ ಸತ್ತ ರೋಗಾಣು ಸ್ಮಿಯರ್‌ಗೆ ಕಾಣುತ್ತದೆ, ಅದರ ಡಿಎನ್‌ಎ ಮಾಲಿಕ್ಯುಲರ್ ಟೆಸ್ಟ್‌ಗೂ ಸಿಗುತ್ತದೆ. ಕಲ್ಚರ್‌ನಲ್ಲಿ ಮಾತ್ರ ಅದು ಬೆಳೆಯುವುದಿಲ್ಲ. ಬದುಕಿರುವುದನ್ನು ಸತ್ತಿರುವುದರಿಂದ ಬೇರೆ ಮಾಡಿ ತೋರಿಸುತ್ತದೆ ಎಂಬ ಕಾರಣಕ್ಕೇ ಕಲ್ಚರ್‌ಗೆ ಇವತ್ತಿಗೂ ಬೆಲೆ ಇರುವುದು. ಆದರೆ ಪಟ್ಟಿಯಿಂದ ಚಿಕಿತ್ಸೆಯಲ್ಲಿರುವವರನ್ನೆಲ್ಲ ತೆಗೆದು, ಹೊಸ ರೋಗಿಗಳನ್ನಷ್ಟೇ ಉಳಿಸಿಕೊಂಡಾಗಲೂ ಲೆಕ್ಕ ಸರಿಹೋಗಲಿಲ್ಲ. ಹೊಸ ರೋಗಿಯ ಸ್ಮಿಯರ್ ಪಾಸಿಟಿವ್ ಕಫ ದ್ರವ ಮಾಧ್ಯಮದಲ್ಲಿ (ರೋಗಾಣು ಬೆಳೆಸಲು ಬಳಸುವ ಪೋಷಕ ದ್ರವದಲ್ಲಿ) ಹೆಚ್ಚುಕಡಿಮೆ ಎಲ್ಲವೂ ಬೆಳೆಯಬೇಕು. ಇಲ್ಲಿ ಕಣ್ಣಿಗೆ ಹೊಡೆಯುವಷ್ಟು ಟ್ಯೂಬ್‌ಗಳು ಸುಮ್ಮನೆ ಕೂತಿದ್ದವು.

ಇನ್ನೂ ಒಂದು ಸಂಗತಿ ಇದೆ. ಸ್ಮಿಯರ್‌ನಲ್ಲಿ ರೋಗಾಣು ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ಇರಬೇಕು. ಕಲ್ಚರ್‌ಗೆ 10ರಿಂದ 100 ಸಾಕು. 3+ ಕಫದಲ್ಲೇ ಏನೂ ಬೆಳೆಯಲಿಲ್ಲ ಅಂದರೆ ಸ್ಮಿಯರ್ ನೆಗೆಟಿವ್ ಕಫಗಳ ಗತಿ ಏನು? ಕಲ್ಚರ್ ಹೆಚ್ಚು ಬೇಕಾಗಿರುವುದು ಆ ರೋಗಿಗಳಿಗೇ. ಅಲ್ಲಿ ಎಷ್ಟು ಕಳೆದುಹೋಗುತ್ತಿದೆ ಎಂದು ತಿಳಿಯುವ ದಾರಿಯೂ ಇಲ್ಲ. ಎರಡೂ ಕಡೆ ನೆಗೆಟಿವ್ ಬಂದರೆ ಯಾರೂ ಫೋನ್ ಮಾಡುವುದಿಲ್ಲ, ಅಲ್ವಾ?

ಎಲ್ಲರೂ ಮೆಚ್ಚಿದ ಬದಲಾವಣೆ

ಕೆಲವು ತಿಂಗಳ ಹಿಂದೆ ಇದೇ ಲ್ಯಾಬ್‌ಗೆ ಬೇರೆಯದೇ ತಲೆನೋವಿತ್ತು. ಎಂಜಿಐಟಿ ಎಂಬ ದ್ರವ ಮಾಧ್ಯಮದ ಟ್ಯೂಬ್‌ಗಳಲ್ಲಿ ಕಂಟ್ಯಾಮಿನೇಷನ್ ಮಿತಿ ಮೀರಿತ್ತು. ಯಂತ್ರ ಪಾಸಿಟಿವ್ ಎಂದು ತೋರಿಸುತ್ತದೆ, ತೆಗೆದು ನೋಡಿದರೆ ಟಿಬಿ ಇಲ್ಲ, ಬರೀ ಬೇರೆ ಬ್ಯಾಕ್ಟೀರಿಯಾ. ದ್ರವ ಮಾಧ್ಯಮದಲ್ಲಿ ಸುಮಾರು 8ರಿಂದ 10 ಶೇಕಡಾ ತನಕ, ಎಲ್‌ಜೆ ಎಂಬ ಮೊಟ್ಟೆಯ ಘನ ಮಾಧ್ಯಮದಲ್ಲಿ 3ರಿಂದ 5 ಶೇಕಡಾ ತನಕ ಕಂಟ್ಯಾಮಿನೇಷನ್ ಆದರೆ ಒಪ್ಪಿಕೊಳ್ಳುವ ರೂಢಿ ಇದೆ. ಇವರು ಆ ಗಡಿ ದಾಟಿ ತುಂಬ ದೂರ ಹೋಗಿದ್ದರು.

ಕಂಟ್ಯಾಮಿನೇಷನ್ ಇಷ್ಟು ಸುಲಭವಾಗಿ ಆಗುವುದೇಕೆ ಅಂದರೆ, ಕಫ ಬಾಯಿ ಗಂಟಲು ದಾಟಿ ಬರುವಾಗ ಅಲ್ಲಿನ ಬ್ಯಾಕ್ಟೀರಿಯಾಗಳನ್ನೆಲ್ಲ ಹೊತ್ತು ತರುತ್ತದೆ. ಅವುಗಳಲ್ಲಿ ಹಲವು ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾಗುತ್ತವೆ. ಟಿಬಿ ರೋಗಾಣು ಒಮ್ಮೆ ಎರಡಾಗಲು 15ರಿಂದ 20 ಗಂಟೆ ತೆಗೆದುಕೊಳ್ಳುತ್ತದೆ. ಇಬ್ಬರನ್ನೂ ಒಂದೇ ಟ್ಯೂಬ್‌ಗೆ ಬಿಟ್ಟರೆ ಯಾರು ಗೆಲ್ಲುತ್ತಾರೆ ಎಂದು ಕೇಳಬೇಕಾಗಿಲ್ಲ. ಅದಕ್ಕೇ ಡಿಕಂಟ್ಯಾಮಿನೇಷನ್, ಅಂದರೆ ಕಫವನ್ನು ಕ್ಷಾರದಲ್ಲಿ ನೆನೆಸಿ ಬೇರೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದು. ಟಿಬಿ ರೋಗಾಣುವಿನ ಹೊರಗೋಡೆಯಲ್ಲಿ ಮೈಕೋಲಿಕ್ ಆಮ್ಲಗಳಿಂದಾದ ಮೇಣದಂಥ ಪದರ ಇದೆ. ಕ್ಷಾರ ಅದರೊಳಗೆ ಇಳಿಯಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಉಳಿದವು ಸಾಯುತ್ತವೆ. ಬೆಳೆಗೂ ಕಳೆಗೂ ಒಂದೇ ಔಷಧಿ ಹೊಡೆದ ಹಾಗೆ ಇದು. ಬೆಳೆ ಸ್ವಲ್ಪ ತಡೆದುಕೊಳ್ಳುತ್ತದೆ ಅನ್ನುವುದಷ್ಟೇ ನಮ್ಮ ಅನುಕೂಲ.

ಹೆಚ್ಚಿನ ಕಡೆ ಬಳಸುವುದು 1963ರಲ್ಲಿ ಕುಬಿಕಾ ಮತ್ತು ಸಂಗಡಿಗರು ವಿವರಿಸಿದ ಎನ್‌ಎಎಲ್‌ಸಿ–ಸೋಡಿಯಂ ಹೈಡ್ರಾಕ್ಸೈಡ್ ವಿಧಾನ. ಎನ್‌ಎಎಲ್‌ಸಿ ಅಂದರೆ ಎನ್-ಅಸಿಟೈಲ್-ಎಲ್-ಸಿಸ್ಟೀನ್. ಅದು ಏನನ್ನೂ ಕೊಲ್ಲುವುದಿಲ್ಲ. ಕಫದ ಲೋಳೆಯನ್ನು ಕರಗಿಸುತ್ತದೆ, ಅಷ್ಟೇ. ಲೋಳೆ ಕರಗುವುದರಿಂದ ಕಡಿಮೆ ಕ್ಷಾರದಲ್ಲೇ ಕೆಲಸ ಆಗುತ್ತದೆ. ಕರಗಿಸಿಟ್ಟ ಎನ್‌ಎಎಲ್‌ಸಿ ಒಂದು ದಿನಕ್ಕಿಂತ ಜಾಸ್ತಿ ಬಾಳುವುದಿಲ್ಲ, ಹಾಗಾಗಿ ಆಯಾ ದಿನವೇ ಬೆರೆಸಬೇಕು. ಸೋಡಿಯಂ ಸಿಟ್ರೇಟ್ ಅದನ್ನು ಕೆಡಿಸುವ ಲೋಹದ ಅಯಾನುಗಳನ್ನು ಹಿಡಿದಿಡುತ್ತದೆ. ಕೊಲ್ಲುವುದು ಸೋಡಿಯಂ ಹೈಡ್ರಾಕ್ಸೈಡ್. ಅದರ 4 ಶೇಕಡಾ ಸ್ಟಾಕ್‌ಗೆ (ಮೊದಲೇ ಮಾಡಿಟ್ಟ ದ್ರಾವಣಕ್ಕೆ) ಸಮ ಅಳತೆಯ ಸಿಟ್ರೇಟ್ ಬೆರೆಸಿದರೆ 2 ಶೇಕಡಾ ಆಗುತ್ತದೆ. ಅದನ್ನು ಸಮ ಅಳತೆಯ ಕಫಕ್ಕೆ ಹಾಕಿದರೆ ರೋಗಾಣುವಿಗೆ ಕೊನೆಗೆ ತಾಗುವುದು 1 ಶೇಕಡಾ. 15 ನಿಮಿಷ, ಹೆಚ್ಚೆಂದರೆ 20. ಆಮೇಲೆ ಕ್ಷಾರದ ಬಿರುಸು ತಗ್ಗಿಸಲು ಫಾಸ್ಫೇಟ್ ಬಫರ್ ತುಂಬಿಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ನೀರು ಚೆಲ್ಲಿ, ತಳದಲ್ಲಿ ಕೂತ ಪೆಲೆಟ್ ಅನ್ನು ಮಾಧ್ಯಮಕ್ಕೆ ಹಾಕುವುದು.

ಇಷ್ಟು ಮೆದುವಾದ ವಿಧಾನವೂ ಮೂರನೇ ಒಂದು ಭಾಗದಷ್ಟು ಟಿಬಿ ರೋಗಾಣುಗಳನ್ನು ಕೊಲ್ಲುತ್ತದೆ ಎಂಬುದು ಹಳೆಯ ಲ್ಯಾಬ್ ಕೈಪಿಡಿಗಳ ಲೆಕ್ಕ. ಕಠಿಣ ವಿಧಾನಗಳಲ್ಲಿ ಇದು ಇನ್ನೂ ಎಷ್ಟೋ ಹೆಚ್ಚು. ಈ ಮಾತನ್ನು ಬೆಂಚಿನ ಮೇಲೆ ಬರೆದು ಅಂಟಿಸಬೇಕು ಅನ್ನುವುದು ನನ್ನ ಅಭಿಪ್ರಾಯ.

ಕಂಟ್ಯಾಮಿನೇಷನ್ ಕಾಟಕ್ಕೆ ಈ ಲ್ಯಾಬ್ ಕಂಡುಕೊಂಡ ಪರಿಹಾರ ಸ್ಟಾಕ್ ಅನ್ನು 4ರಿಂದ 6 ಶೇಕಡಾಕ್ಕೆ ಏರಿಸುವುದು. ಅಂದರೆ ಕಫಕ್ಕೆ ತಾಗುವುದು 1.5 ಶೇಕಡಾ. ಇದೇನೂ ನಿಷಿದ್ಧವಲ್ಲ. ಕಂಟ್ಯಾಮಿನೇಷನ್ ಜಾಸ್ತಿಯಾದಾಗ ಹೀಗೆ ಸ್ವಲ್ಪ ಏರಿಸುವ ಲ್ಯಾಬ್‌ಗಳು ಬೇಕಾದಷ್ಟಿವೆ. ಒಂದೇ ವಾರದಲ್ಲಿ ಫಲ ಕಂಡಿತು. ತಿಂಗಳ ವರದಿಯ ಗೆರೆ ಕೆಳಗಿಳಿಯಿತು, ಇಳಿಯುತ್ತಲೇ ಹೋಗಿ ತಳಕ್ಕೆ ಅಂಟಿಕೊಂಡಿತು. ಮೀಟಿಂಗ್‌ನಲ್ಲಿ ಶಹಬ್ಬಾಸ್ ಸಿಕ್ಕಿತು.

ಆ ಗೆರೆ ತಳಕ್ಕೆ ಅಂಟಿದ್ದೇ ಮೊದಲ ಎಚ್ಚರಿಕೆ ಆಗಬೇಕಿತ್ತು. ಕಂಟ್ಯಾಮಿನೇಷನ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅಂದರೆ ಕ್ಷಾರ ಅತಿಯಾಗಿ ಟಿಬಿಯೂ ಸಾಯುತ್ತಿರಬಹುದು ಎಂದು ಅರ್ಥ. ಆದರೆ ಇಲ್ಲೊಂದು ತೊಡಕಿದೆ, ಇಡೀ ಪ್ರಕರಣದ ಮೂಲವೇ ಇದು ಎಂದು ನನಗನ್ನಿಸುತ್ತದೆ. ಕ್ಷಾರ ಏರಿಸಿದರೆ ಲಾಭ ಬೇಗ ಕಾಣುತ್ತದೆ, ಯಾಕೆಂದರೆ ಬೇರೆ ಬ್ಯಾಕ್ಟೀರಿಯಾ ಬೆಳೆಯುವುದು ಮೊದಲ ಕೆಲವು ದಿನಗಳಲ್ಲೇ. ನಷ್ಟ ಕಾಣಲು ಎಂಜಿಐಟಿಯಲ್ಲಿ 42 ದಿನ ಬೇಕು, ಎಲ್‌ಜೆಯಲ್ಲಿ 8 ವಾರ. ಬೆಳೆಯದ ಟ್ಯೂಬ್ ಸದ್ದು ಮಾಡುವುದಿಲ್ಲ. ಹಾಗಾಗಿ ಲ್ಯಾಬ್‌ನವರು ಎಷ್ಟೇ ಬುದ್ಧಿವಂತರಾಗಿರಲಿ, ಕೈ ತಾನಾಗಿ ಕ್ಷಾರ ಏರಿಸುವ ಕಡೆಗೇ ಹೋಗುತ್ತದೆ. ಇಳಿಸು ಎಂದು ಹೇಳುವ ಸಂಕೇತ ಬರುವಷ್ಟರಲ್ಲಿ ಒಂದೂವರೆ ತಿಂಗಳ ಕಫ ಮುಗಿದಿರುತ್ತದೆ.

ಬೇಗ ಸಿಗುವ ಒಂದು ಸುಳಿವು ಮಾತ್ರ ಇದೆ. ಬೆಳೆದ ಟ್ಯೂಬ್‌ಗಳಾದರೂ ಎಷ್ಟು ದಿನಕ್ಕೆ ಪಾಸಿಟಿವ್ ಆದವು ಎಂದು ಯಂತ್ರವೇ ದಾಖಲು ಮಾಡುತ್ತದೆ. ಬದುಕುಳಿದವು ಕಡಿಮೆ ಇದ್ದಷ್ಟೂ ಈ ದಿನಗಳು ಹೆಚ್ಚುತ್ತವೆ. ಇಲ್ಲಿ ಸ್ಮಿಯರ್ ಪಾಸಿಟಿವ್ ಕಫಗಳ ದಿನಗಳು ಎರಡನೇ ವಾರದಿಂದಲೇ ಹೆಚ್ಚತೊಡಗಿದ್ದವು. ಆ ಕಾಲಂ ಅನ್ನು ಯಾರೂ ತೆರೆದು ನೋಡಿರಲಿಲ್ಲ.

ಎಲ್ಲಿ ಸಾಯುತ್ತಿವೆ?

6 ಶೇಕಡಾವನ್ನು 4ಕ್ಕೆ ಇಳಿಸಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ 1.5 ಶೇಕಡಾ ಕ್ಷಾರ 15 ನಿಮಿಷ ತಾಗಿದ ಮಾತ್ರಕ್ಕೆ 3+ ಕಫ ಪೂರ್ತಿ ಸಾಯುವುದು ಅನುಮಾನ. 1915ರ ಪೆಟ್ರಾಫ್ ವಿಧಾನದಲ್ಲಿ 4 ಶೇಕಡಾ ಸೋಡಿಯಂ ಹೈಡ್ರಾಕ್ಸೈಡ್ ಅನ್ನೇ ಸಮ ಅಳತೆಯಲ್ಲಿ ಕಫಕ್ಕೆ ಹಾಕುತ್ತಾರೆ, ಕೊನೆಗೆ ತಾಗುವುದು 2 ಶೇಕಡಾ. ಅದರಲ್ಲೂ ಟಿಬಿ ಬೆಳೆಯುತ್ತಲೇ ಬಂದಿದೆ. ಹಾಗಾದರೆ ಇಲ್ಲಿ ಇನ್ನೇನೋ ಇರಬೇಕು.

ಬೆಳೆಯದ ಕಫಗಳ ನಂಬರ್‌ಗಳನ್ನು ವರ್ಕ್‌ಶೀಟ್‌ನಲ್ಲಿ ಗುರುತು ಹಾಕಿದಾಗ ಒಂದು ವಿಚಿತ್ರ ಕಂಡಿತು. ಅವು ಪಟ್ಟಿಯ ತುಂಬ ಹರಡಿರಲಿಲ್ಲ. ಪ್ರತಿ ಬ್ಯಾಚ್‌ನ ಮೊದಲರ್ಧದಲ್ಲೇ ಗುಂಪಾಗಿದ್ದವು. ಪಕ್ಕದಲ್ಲಿ ನಿಂತು ಕೆಲಸ ನೋಡಿದಾಗ ಕಾರಣ ತಿಳಿಯಿತು. ದೊಡ್ಡ ಬ್ಯಾಚ್. ಒಬ್ಬರೇ ಟೆಕ್ನಿಷಿಯನ್. ಪ್ರತಿ ಟ್ಯೂಬ್‌ನ ಮುಚ್ಚಳ ತೆರೆದು, ಕ್ಷಾರದ ಮಿಶ್ರಣ ಹಾಕಿ, ಮುಚ್ಚಿ, ವೋರ್ಟೆಕ್ಸ್ ಯಂತ್ರದಲ್ಲಿ ಕುಲುಕಲು ಒಂದು ನಿಮಿಷದ ಹತ್ತಿರ ಬೇಕು. ಕೊನೆಯ ಟ್ಯೂಬ್ ಮುಗಿದ ಮೇಲೆ 15 ನಿಮಿಷದ ಟೈಮರ್ ಒತ್ತುತ್ತಿದ್ದರು. ಬಫರ್ ಹಾಕುವುದು ಬೇಗ ಮುಗಿಯುವ ಕೆಲಸ, ಅದು ಸರಸರ ಮುಗಿಯುತ್ತಿತ್ತು. ಕೊನೆಯ ಟ್ಯೂಬ್‌ಗೆ ಸರಿಯಾಗಿ 15 ನಿಮಿಷ. ಮೊದಲ ಟ್ಯೂಬ್‌ಗೆ ಅದರ ಎರಡು, ಮೂರು ಪಟ್ಟು. 4 ಶೇಕಡಾ ಸ್ಟಾಕ್ ಇದ್ದಾಗಲೂ ಹೀಗೇ ನಡೆಯುತ್ತಿತ್ತು, ಟಿಬಿ ಹೇಗೋ ತಡೆದುಕೊಳ್ಳುತ್ತಿತ್ತು. 6ಕ್ಕೆ ಏರಿಸಿದ ಮೇಲೆ ಆ ಸಲಿಗೆ ಮುಗಿಯಿತು.

"ಆದರೆ ಪಾಸಿಟಿವ್ ಕಂಟ್ರೋಲ್ ಪ್ರತಿ ಸಲ ಬೆಳೆದಿದೆಯಲ್ಲ ಮೇಡಂ?" ಎಂದು ಟೆಕ್ನಿಷಿಯನ್ ಕೇಳಿದ್ದು ನ್ಯಾಯವಾದ ಪ್ರಶ್ನೆ. ಬೆಳೆಯಲೇಬೇಕು ಎಂದು ಪರೀಕ್ಷೆಗಾಗಿ ಇಡುವ, ಎಚ್37ಆರ್‌ವಿ ಎಂಬ ಟಿಬಿ ತಳಿಯ ಕಂಟ್ರೋಲ್ ಟ್ಯೂಬ್ ಒಮ್ಮೆಯೂ ಕೈ ಕೊಟ್ಟಿರಲಿಲ್ಲ. ಯಾಕೆ ಗೊತ್ತಾ? ಒಂದು ಟ್ಯೂಬ್‌ನ ರೋಗಾಣು ಇನ್ನೊಂದಕ್ಕೆ ಹಾರಬಾರದು ಎಂದು ಪಾಸಿಟಿವ್ ಕಂಟ್ರೋಲ್ ಅನ್ನು ಯಾವಾಗಲೂ ಸಾಲಿನ ಕೊನೆಗೆ ಇಡುತ್ತಾರೆ. ಅದು ಸರಿಯಾದ ನಿಯಮವೇ. ಆದರೆ ಈ ಲ್ಯಾಬ್‌ನಲ್ಲಿ ಸರಿಯಾದ ಸಮಯ ಸಿಗುತ್ತಿದ್ದದ್ದು ಸಾಲಿನ ಕೊನೆಗೆ ಮಾತ್ರ. ಎಲ್ಲ ಸರಿ ಇದೆ ಎಂದು ಧೈರ್ಯ ಕೊಡುತ್ತಿದ್ದ ಟ್ಯೂಬ್ ತೊಂದರೆ ತಾಗದ ಜಾಗದಲ್ಲೇ ಕೂತಿತ್ತು. ಇತ್ತ ತುರ್ತು ಎಂದು ಬರೆದು ಬಂದ ಕಫಗಳನ್ನು ಒಳ್ಳೆಯ ಮನಸ್ಸಿನಿಂದಲೇ ಸಾಲಿನ ಮೊದಲಿಗೆ ಇಡುತ್ತಿದ್ದರು. ಹೆಚ್ಚು ಹೊತ್ತು ಕ್ಷಾರದಲ್ಲಿ ನೆನೆದದ್ದು ಅವೇ.

ಎರಡನೇ ಸುಳಿವು ಪಿಎಚ್ ಪೇಪರ್‌ನಿಂದ ಬಂತು. ಬಫರ್‌ನ ಪಿಎಚ್ 6.8. ಅದನ್ನು ತುಂಬಿಸಿದರೆ ಕ್ಷಾರ ಪೂರ್ತಿ ತಣ್ಣಗಾಗುತ್ತದೆ ಎಂದು ಹಲವರು ನಂಬಿದ್ದಾರೆ. ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. 10 ಮಿಲಿ ಕಫಕ್ಕೆ 10 ಮಿಲಿ ಮಿಶ್ರಣ ಹಾಕಿದಾಗ, 1.5 ಶೇಕಡಾ ಲೆಕ್ಕದಲ್ಲಿ ಟ್ಯೂಬ್‌ನಲ್ಲಿ 0.3 ಗ್ರಾಂ, ಅಂದರೆ 7.5 ಮಿಲಿಮೋಲ್ ಸೋಡಿಯಂ ಹೈಡ್ರಾಕ್ಸೈಡ್ ಇರುತ್ತದೆ. 50 ಮಿಲಿಯ ಟ್ಯೂಬ್‌ನಲ್ಲಿ ಇನ್ನು ಹಿಡಿಸುವುದು 30 ಮಿಲಿ ಬಫರ್. 0.067 ಮೋಲಾರ್ ಬಫರ್ ಆದರೆ ಅದರಲ್ಲಿರುವ ಒಟ್ಟು ಫಾಸ್ಫೇಟ್ 2 ಮಿಲಿಮೋಲ್, ಕ್ಷಾರವನ್ನು ಹಿಡಿಯಬಲ್ಲದ್ದು ಅದರಲ್ಲೂ ಅರ್ಧದಷ್ಟು. 7.5ರ ಎದುರು ಅದು ಏನೇನೂ ಅಲ್ಲ. ಬಫರ್ ನಿಜವಾಗಿ ಮಾಡುವ ದೊಡ್ಡ ಕೆಲಸ ಕ್ಷಾರವನ್ನು ತೆಳುವಾಗಿಸುವುದು. ಉಳಿದದ್ದು ಮೇಲಿನ ನೀರಿನ ಜೊತೆ ಚೆಲ್ಲಿಹೋಗುತ್ತದೆ. ಕಫ ಕಡಿಮೆ ಹಾಕಿದಷ್ಟೂ ಬಫರ್‌ಗೆ ಜಾಗ ಜಾಸ್ತಿ, ಕ್ಷಾರ ಅಷ್ಟು ತೆಳು. ಇಲ್ಲಿ ಡಬ್ಬಿಯಲ್ಲಿ ಬಂದದ್ದನ್ನೆಲ್ಲ ಸುರಿಯುವ ಅಭ್ಯಾಸ ಇತ್ತು. ತುಂಬ ಕಫ ಕೊಟ್ಟ ರೋಗಿಗಳ ಪೆಲೆಟ್‌ಗೆ ಪೇಪರ್ ತಾಗಿಸಿದಾಗ ಅದು ನೀಲಿಗೆ ತಿರುಗಿತು. ಅಂದರೆ ಸೆಂಟ್ರಿಫ್ಯೂಜ್ ತಿರುಗುತ್ತಿದ್ದಾಗಲೂ, ಆಮೇಲೂ ಕ್ಷಾರ ಕೆಲಸ ಮಾಡುತ್ತಲೇ ಇತ್ತು.

ಸೆಂಟ್ರಿಫ್ಯೂಜ್ ಮೇಲೂ ಅನುಮಾನ ಬಂದಿತ್ತು. ಟಿಬಿ ರೋಗಾಣುವಿನಲ್ಲಿ ಕೊಬ್ಬಿನ ಅಂಶ ಜಾಸ್ತಿ, ಅದು ಸುಲಭವಾಗಿ ತಳಕ್ಕೆ ಇಳಿಯುವುದಿಲ್ಲ. 3000 ಜಿ, ಅಂದರೆ ಗುರುತ್ವದ 3000 ಪಟ್ಟು ಬಲ ಬೇಕು. 3000 ಆರ್‌ಪಿಎಂ (ನಿಮಿಷಕ್ಕೆ 3000 ಸುತ್ತು) ಎಂದು ಸೆಟ್ ಮಾಡಿದರೆ, 16 ಸೆಂಟಿಮೀಟರ್ ತ್ರಿಜ್ಯದ ರೋಟರ್‌ನಲ್ಲಿ ಸಿಗುವುದು ಸುಮಾರು 1600 ಜಿ ಮಾತ್ರ. ಈ ಎಡವಟ್ಟು ಎಷ್ಟೋ ಕಡೆ ಆಗುತ್ತದೆ. ಇಲ್ಲಿ ಆಗಿರಲಿಲ್ಲ.

ಮೂರನೆಯದು ಯಾರೂ ಊಹಿಸದ ಕಡೆ ಸಿಕ್ಕಿತು. ಬೆಳೆಯದ ಕಫಗಳಲ್ಲಿ ಒಂದು ಗುಂಪು ಸಾಲಿನ ಮೊದಲಿಗೂ ಸೇರುತ್ತಿರಲಿಲ್ಲ, ಪಿಎಚ್ ಕಥೆಗೂ ಹೊಂದುತ್ತಿರಲಿಲ್ಲ. ಅವೆಲ್ಲ ದೂರದ ಒಂದೇ ಸಂಗ್ರಹ ಕೇಂದ್ರದಿಂದ ಬಂದಂಥವು. ಕಂಟ್ಯಾಮಿನೇಷನ್ ದೂರು ಕೇಳಿ ಕೇಳಿ ಬೇಸತ್ತ ಆ ಕೇಂದ್ರದವರು ಕಫಕ್ಕೆ ಸಿಪಿಸಿ ಹಾಕಿ ಕಳಿಸಲು ಶುರು ಮಾಡಿದ್ದರು. ಸಿಪಿಸಿ ಅಂದರೆ ಸಿಟೈಲ್‌ಪಿರಿಡಿನಿಯಂ ಕ್ಲೋರೈಡ್. 1 ಶೇಕಡಾ ಸಿಪಿಸಿಗೆ 2 ಶೇಕಡಾ ಉಪ್ಪು ಸೇರಿಸಿದ ದ್ರಾವಣದಲ್ಲಿ ಕಫವನ್ನು ಒಂದು ವಾರದ ತನಕ ಫ್ರಿಜ್ ಇಲ್ಲದೆ ಸಾಗಿಸಬಹುದು. ಫ್ರಿಜ್‌ನಲ್ಲಿ ಇಡಲೂಬಾರದು, ಹರಳುಗಟ್ಟುತ್ತದೆ. ಒಳ್ಳೆಯ ಉಪಾಯವೇ, ಆದರೆ ಎಲ್‌ಜೆಗೆ ಮಾತ್ರ. ಮೊಟ್ಟೆಯ ಫಾಸ್ಫೊಲಿಪಿಡ್‌ಗಳು ಪೆಲೆಟ್‌ನಲ್ಲಿ ಉಳಿದ ಸಿಪಿಸಿಯನ್ನು ನಿಷ್ಕ್ರಿಯ ಮಾಡುತ್ತವೆ. ಎಂಜಿಐಟಿಯಲ್ಲಿ ಮೊಟ್ಟೆ ಇಲ್ಲ. ಫಾಸ್ಫೇಟ್ ಬಫರ್‌ಗೂ ಅದನ್ನು ತಡೆಯುವ ಶಕ್ತಿ ಇಲ್ಲ. ಸಿಪಿಸಿ ಪೆಲೆಟ್ ಜೊತೆ ಸೀದಾ ಟ್ಯೂಬ್‌ಗೆ ಹೋಗಿ ಅಲ್ಲೂ ಟಿಬಿಯನ್ನು ಬೆಳೆಯಗೊಡುವುದಿಲ್ಲ. ಲೇಬಲ್ ಮೇಲೆ ಸಿಪಿಸಿ ಎಂದು ಬರೆಯಲು ಜಾಗವೇ ಇರಲಿಲ್ಲ. ಇದರಲ್ಲಿ ನಾನು ಆ ಕೇಂದ್ರವನ್ನು ದೂರುವುದಿಲ್ಲ. ಒಂದು ಶೇಕಡಾವಾರಿನ ಹಿಂದೆ ಎಲ್ಲರನ್ನೂ ಓಡಿಸಿದರೆ ಇಂಥ ಉಪಾಯಗಳು ಹುಟ್ಟಿಯೇ ಹುಟ್ಟುತ್ತವೆ.

ತಿದ್ದಿದ್ದು ಹೇಗೆ

ಸ್ಟಾಕ್ ಮತ್ತೆ 4 ಶೇಕಡಾಕ್ಕೆ ಬಂತು. ಬ್ಯಾಚ್ ಅನ್ನು ಸೆಂಟ್ರಿಫ್ಯೂಜ್‌ನ ಒಂದು ಸುತ್ತಿಗೆ ಹಿಡಿಸುವಷ್ಟಕ್ಕೆ ಇಳಿಸಿದರು. ಟೈಮರ್ ಒತ್ತುವುದು ಮೊದಲ ಟ್ಯೂಬ್‌ಗೆ ಕ್ಷಾರ ಬಿದ್ದಾಗ. ಹಾಕಿದ ಅದೇ ಕ್ರಮದಲ್ಲಿ, ಅದೇ ಅಂತರದಲ್ಲಿ ಬಫರ್. ಕಫ 5 ಮಿಲಿಗಿಂತ ಹೆಚ್ಚು ಬೇಡ. ಪ್ರತಿ ಬ್ಯಾಚ್‌ನಲ್ಲಿ ಒಂದೆರಡು ಪೆಲೆಟ್‌ಗಳಿಗೆ ಪಿಎಚ್ ಪೇಪರ್. ಸಿಪಿಸಿ ಹಾಕಿದ ಕಫಕ್ಕೆ ಬೇರೆ ಬಣ್ಣದ ಲೇಬಲ್, ಅದು ಎಲ್‌ಜೆಗೆ ಮಾತ್ರ.

ಬದಲಾವಣೆ ನಿಜವಾಗಿ ಕೆಲಸ ಮಾಡಿದೆಯೇ ಎಂದು ತಿಳಿಯಲು 42 ದಿನ ಕಾಯುವ ಬದಲು, ಹೊಸ ರೋಗಿಗಳ ಸ್ಮಿಯರ್ ಪಾಸಿಟಿವ್ ಕಫಗಳನ್ನು ಚೆನ್ನಾಗಿ ಬೆರೆಸಿ ಎರಡು ಪಾಲು ಮಾಡಿದರು. ಒಂದು ಪಾಲು ಹಳೆಯ ರೀತಿ, ಸಾಲಿನ ಮೊದಲ ಜಾಗದ ಸಮಯದೊಂದಿಗೆ. ಇನ್ನೊಂದು ಹೊಸ ರೀತಿ. ಒಂದೇ ಕಫ, ಒಂದೇ ದಿನ, ಒಂದೇ ಕೈ. ಹೊಸ ರೀತಿಯ ಟ್ಯೂಬ್‌ಗಳು ಮೊದಲು ಪಾಸಿಟಿವ್ ಆದವು. ಹಳೆಯ ರೀತಿಯವು ಕೆಲವು ತಡವಾಗಿ ಬಂದವು, ಕೆಲವು ಬರಲೇ ಇಲ್ಲ. ಇಂಥ ಜೋಡಿ ಪರೀಕ್ಷೆಗೆ ಹೆಚ್ಚು ಖರ್ಚಿಲ್ಲ. ಕ್ಷಾರದ ಪ್ರಮಾಣ ಮುಟ್ಟುವ ಮೊದಲೇ ಇದನ್ನು ಮಾಡುವ ಲ್ಯಾಬ್‌ಗಳು ಕಡಿಮೆ ಎನ್ನುವುದೇ ಬೇಸರ.

ಕಂಟ್ಯಾಮಿನೇಷನ್? ಏರಿತು. ಏರಲೇಬೇಕಿತ್ತು. ಮೀಟಿಂಗ್‌ನಲ್ಲಿ ಆ ಗೆರೆ ಮೇಲೇರಿದ್ದನ್ನು ಸಮರ್ಥಿಸಿಕೊಳ್ಳುವುದೇ ಇಡೀ ಕೆಲಸದಲ್ಲಿ ಕಷ್ಟದ ಭಾಗವಾಯಿತು. ಈಗ ಆ ಗೆರೆಯ ಪಕ್ಕದಲ್ಲೇ ಇನ್ನೊಂದು ಗೆರೆ ಇರುತ್ತದೆ: ಹೊಸ ರೋಗಿಗಳ ಸ್ಮಿಯರ್ ಪಾಸಿಟಿವ್ ಕಫಗಳಲ್ಲಿ ಎಷ್ಟು ಬೆಳೆದವು, ಎಷ್ಟು ದಿನಕ್ಕೆ ಬೆಳೆದವು ಎಂದು. ಒಂದನ್ನು ಬಿಟ್ಟು ಇನ್ನೊಂದನ್ನು ತೋರಿಸುವಂತಿಲ್ಲ.

ಏರಿಕೆಯನ್ನು ತಡೆಯಲು ಬೇರೆ ದಾರಿ ಹುಡುಕಿದರು. ಕಂಟ್ಯಾಮಿನೇಷನ್ ಅನ್ನು ಕೇಂದ್ರವಾರು ಬಿಡಿಸಿ ನೋಡಿದಾಗ ಹೆಚ್ಚಿನದು ದಿನಗಟ್ಟಲೆ ತಂಪಿಲ್ಲದೆ ಬಂದ ಕಫಗಳದ್ದೇ. ದಾರಿಯಲ್ಲೇ ಕೋಟಿಗಟ್ಟಲೆ ಬೆಳೆದು ಬಂದ ಬ್ಯಾಕ್ಟೀರಿಯಾವನ್ನು ಲ್ಯಾಬ್‌ನಲ್ಲಿ ಕ್ಷಾರದಿಂದ ಸರಿಮಾಡುವುದು ತಡವಾದ ಕೆಲಸ. ಐಸ್ ಪ್ಯಾಕ್ ಇರುವ ಪೆಟ್ಟಿಗೆ, ಬೇಗ ಬೇಗ ಸಾಗಣೆ, ಬಂದ ಕೂಡಲೇ ಫ್ರಿಜ್: ಇಷ್ಟಕ್ಕೇ ಗೆರೆ ಒಪ್ಪುವ ಮಟ್ಟಕ್ಕೆ ಬಂತು. ಪಾಂಟಾ ಎಂಬ ಐದು ಔಷಧಿಗಳ ಮಿಶ್ರಣವನ್ನು ಪ್ರತಿ ಎಂಜಿಐಟಿ ಟ್ಯೂಬ್‌ಗೆ ಹಾಕುತ್ತಾರೆ, ಉಳಿದ ಅಲ್ಪಸ್ವಲ್ಪವನ್ನು ಅದು ನೋಡಿಕೊಳ್ಳುತ್ತದೆ.

ಪೂರ್ತಿ ಬಗೆಹರಿಯದ ಒಂದು ಗುಂಪು ಉಳಿದಿದೆ. ಶ್ವಾಸನಾಳಗಳು ಹಿಗ್ಗಿ ಹಾಳಾದ ರೋಗಿಗಳು, ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆ ಇರುವವರು. ಅವರ ಕಫದಲ್ಲಿ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ತುಂಬಿರುತ್ತದೆ, ಅದು ಈ ಕ್ಷಾರಕ್ಕೆ ಜಗ್ಗುವುದಿಲ್ಲ. ಇವರಿಗೋಸ್ಕರ ಎಲ್ಲರ ಕಫಕ್ಕೂ ಕ್ಷಾರ ಏರಿಸುವುದು ನ್ಯಾಯವಲ್ಲ. ಅಂಥ ಕಫ ಮತ್ತೆ ಮತ್ತೆ ಕೆಟ್ಟರೆ ಎನ್‌ಎಎಲ್‌ಸಿ ಹಂತದ ನಂತರ 5 ಶೇಕಡಾ ಆಕ್ಸಾಲಿಕ್ ಆಮ್ಲದಿಂದ ಇನ್ನೊಂದು ಸುತ್ತು ಮಾಡುತ್ತಾರೆ. ಅದರಲ್ಲಿ ಟಿಬಿಯೂ ಒಂದಿಷ್ಟು ಸಾಯುತ್ತದೆ ಎಂದು ಗೊತ್ತಿದ್ದೇ ಮಾಡುವುದು. ಜೊತೆಗೆ ಒಂದು ಎಲ್‌ಜೆ ಕೂಡ ಹಾಕುತ್ತಾರೆ.

ಹಳೆಯ ವರದಿಗಳ ಪ್ರಶ್ನೆ ಬೇರೆ. ಹೊಸ ರೋಗಿಗಳಲ್ಲಿ ಹೆಚ್ಚಿನವರಿಗೆ ಮಾಲಿಕ್ಯುಲರ್ ಟೆಸ್ಟ್ ಆಧಾರದ ಮೇಲೆ ಚಿಕಿತ್ಸೆ ಶುರುವಾಗಿತ್ತು. ಅವರಿಗೆ ತಪ್ಪಿಹೋದದ್ದು ಯಾವ ಔಷಧಿ ನಾಟುತ್ತದೆ ಎಂದು ಬೆಳೆದ ರೋಗಾಣುವಿನ ಮೇಲೆ ಮಾಡುವ ಪರೀಕ್ಷೆ. ಹೆಚ್ಚು ಚಿಂತೆ ಹುಟ್ಟಿಸಿದ್ದು ಚಿಕಿತ್ಸೆಯಲ್ಲಿರುವವರ ವರದಿಗಳು. ಅವರ ಕಲ್ಚರ್ ನೆಗೆಟಿವ್ ಬಂದರೆ ಔಷಧಿ ಕೆಲಸ ಮಾಡುತ್ತಿದೆ ಎಂದು ಓದುತ್ತಾರೆ. ಆ ತಿಂಗಳುಗಳ ನೆಗೆಟಿವ್‌ಗಳಲ್ಲಿ ಯಾವುದು ಔಷಧಿಯಿಂದ ಸತ್ತದ್ದು, ಯಾವುದು ಲ್ಯಾಬ್‌ನ ಕ್ಷಾರದಿಂದ ಸತ್ತದ್ದು ಎಂದು ಬೇರೆ ಮಾಡಲು ಸಾಧ್ಯವೇ ಇಲ್ಲ. ಲ್ಯಾಬ್ ಅಂಥ ರೋಗಿಗಳ ಪಟ್ಟಿ ಮಾಡಿ, ಬ್ಯಾಚ್‌ನ ಮೊದಲರ್ಧದಲ್ಲಿದ್ದವರನ್ನು, ಸಿಪಿಸಿ ಕೇಂದ್ರದವರನ್ನು ಮೇಲಕ್ಕೆ ಹಾಕಿ, ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೆ ಕಳಿಸಿತು. ಈ ವರದಿಯನ್ನು ನೆಗೆಟಿವ್ ಎಂದು ಎಣಿಸಬೇಡಿ, ಹೊಸ ಕಫ ಕಳಿಸಿ ಎಂದು ಅದರಲ್ಲಿ ಬರೆದಿತ್ತು. ಕಫ ಬಂದವರದ್ದು ಮತ್ತೆ ಕಲ್ಚರ್‌ಗೆ ಹೋಯಿತು. ಕೆಲವರಿಗೆ ಅಷ್ಟರಲ್ಲಿ ಕೆಮ್ಮು ನಿಂತು ಕಫವೇ ಬರುತ್ತಿರಲಿಲ್ಲ. ಅವರ ವಿಷಯದಲ್ಲಿ ಎಕ್ಸ್‌ರೇ, ತೂಕ, ರೋಗಲಕ್ಷಣ ನೋಡಿ ವೈದ್ಯರೇ ತೀರ್ಮಾನ ಮಾಡಬೇಕಾಯಿತು.